ಹೆಪ್ಪು ಒಂದೇ, ಬ್ರೆಡ್ಡು ಮಾತ್ರ ಮನೆಗೊಂದು

ಗೆಳತಿ ಕೊಟ್ಟ ಗಾಜಿನ ಡಬ್ಬಿಯಲ್ಲಿದ್ದದ್ದು ಹೆಚ್ಚೆಂದರೆ ಎರಡು ಚಮಚದಷ್ಟು ಬೂದುಬಿಳಿ ಅಂಟು, ಬ್ರೆಡ್ಡು ಉಬ್ಬಿಸುವ ಹೆಪ್ಪು. ಮುಚ್ಚಳ ತೆಗೆದು ಮೂಸಿದರೆ ಹುಳಿ ಮಜ್ಜಿಗೆಗೂ ಕಳಿತ ಸೇಬಿಗೂ ನಡುವಿನದೊಂದು ವಾಸನೆ. 'ಎಂಟು ವರ್ಷದ್ದು ಕಣೇ, ಜೋಪಾನ' ಅಂದಳು. ಅವಳು ಬರೆದುಕೊಟ್ಟ ಅಳತೆಯನ್ನು ಒಂದು ಗ್ರಾಮೂ ಆಚೀಚೆ ಮಾಡದೆ, ಹೇಳಿದಷ್ಟೇ ಗಂಟೆ ಕಾದು, ಮಾರನೆಯ ದಿನ ನಾನು ಓವನ್ನಿನಿಂದ ಹೊರತೆಗೆದದ್ದು ಒಂದು ಚಪ್ಪಟೆ ಕಲ್ಲು. ಕುಯ್ದರೆ ಮೇಣದಂಥ ಹಸಿಹಸಿ ತಿರುಳು, ತೊಗಟೆಯ ಕೆಳಗೆ ಒಂದೇ ಒಂದು ದೊಡ್ಡ ಪೊಳ್ಳು. ಅದೇ ಹೆಪ್ಪು, ಅದೇ ಅಳತೆ. ಅವಳದು ಚೆಂಡಿನ ಹಾಗೆ ಉಬ್ಬಿ ಬಂದಿತ್ತು.

ಹೆಪ್ಪು ಎಂದರೆ ಉಪ್ಪು, ಸಕ್ಕರೆಯ ಹಾಗೆ ಯಾರ ಕೈಗೆ ಹೋದರೂ ಹಾಗೇ ಇರುವ ಪದಾರ್ಥ ಎಂದು ನಾನು ಎಣಿಸಿದ್ದೇ ತಪ್ಪಾಗಿತ್ತು. ಅದಕ್ಕೆ ಹಾಕುವ ಹಿಟ್ಟು, ಅಡುಗೆಮನೆಯ ಸೆಕೆ ಅಥವಾ ಚಳಿ, ಉಣಿಸುವ (ಎಂದರೆ ಹೊಸ ಹಿಟ್ಟು-ನೀರು ಸೇರಿಸುವ) ಹೊತ್ತು ಬದಲಾದಂತೆ ಅದರ ಗುಣವೂ ತಿರುಗುತ್ತದೆ. ಹಂಚಿಕೊಂಡ ಹೆಪ್ಪಿನಿಂದ ಬ್ರೆಡ್ಡು, ಬನ್ನು ಮಾಡಹೊರಟವರು ಮೊದಲು ಕಲಿಯಬೇಕಾದದ್ದು ಡಬ್ಬಿಯನ್ನು ಓದುವುದನ್ನು. ಪಾಕವಿಧಾನ ಆಮೇಲೆ.

ಡಬ್ಬಿಯೊಳಗೆ ಯಾರಿದ್ದಾರೆ

ಹಿಟ್ಟು, ನೀರು ಎರಡನ್ನೇ ಕಲಸಿ ಬಿಟ್ಟದ್ದು ಹುಳಿಯೇರಿ, ಗುಳ್ಳೆ ಬಂದು, ಉಬ್ಬಿ, ಮತ್ತೆ ಇಳಿಯುವ ಲೇಹವೇ ಹುಳಿಹೆಪ್ಪು, ಎಲ್ಲರೂ ಸವರ್‌ಡೋ ಸ್ಟಾರ್ಟರ್ ಎನ್ನುವುದು ಇದನ್ನೇ. ಇದರಲ್ಲಿ ಎರಡು ಬಗೆಯ ಜೀವಿಗಳು ಒಟ್ಟಿಗೆ ಸಂಸಾರ ಮಾಡುತ್ತವೆ. ಒಂದು ಯೀಸ್ಟ್, ಇನ್ನೊಂದು ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ. ಉಬ್ಬಿಸುವ ಕೆಲಸದಲ್ಲಿ ದೊಡ್ಡ ಪಾಲು ಯೀಸ್ಟಿನದು: ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಜೊತೆಗೆ ಒಂದಿಷ್ಟು ಆಲ್ಕೋಹಾಲ್. ಹುಳಿ, ಪರಿಮಳ, ಬೇಗ ಕೆಡದಿರುವ ಗುಣ ಇವೆಲ್ಲ ಹೆಚ್ಚಾಗಿ ಬ್ಯಾಕ್ಟೀರಿಯಾದ ಕೊಡುಗೆ. ತಲೆ ಎಣಿಸಿದರೆ ಮಾತ್ರ ಯೀಸ್ಟ್ ಅಲ್ಪಸಂಖ್ಯಾತ. ಪಳಗಿದ ಹೆಪ್ಪಿನಲ್ಲಿ ಒಂದು ಯೀಸ್ಟ್ ಕೋಶಕ್ಕೆ ನೂರರಷ್ಟು ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ.

ಇವೆರಡೂ ಜಗಳವಾಡದೆ ಇರುವುದು ಹೇಗೆ? 1971ರಲ್ಲಿ ಲಿಯೊ ಕ್ಲೈನ್ ಮತ್ತು ಟಿ. ಎಫ್. ಸುಗಿಹಾರ ಎಂಬ ಅಮೆರಿಕದ ವಿಜ್ಞಾನಿಗಳು ಸ್ಯಾನ್ ಫ್ರಾನ್ಸಿಸ್ಕೊದ ಹುಳಿ ಬ್ರೆಡ್ಡಿನ ಹೆಪ್ಪನ್ನು ಪರೀಕ್ಷಿಸಿ ಇದಕ್ಕೊಂದು ಚೆಂದದ ಉತ್ತರ ಕೊಟ್ಟರು. ಹಿಟ್ಟಿನ ಪಿಷ್ಟ ಒಡೆದಾಗ ಮಾಲ್ಟೋಸ್ ಎಂಬ ಸಕ್ಕರೆ ಬರುತ್ತದೆ. ಅಲ್ಲಿದ್ದ ಯೀಸ್ಟಿಗೆ ಮಾಲ್ಟೋಸ್ ತಿನ್ನಲು ಬರುವುದಿಲ್ಲ. ಅಲ್ಲಿದ್ದ ಬ್ಯಾಕ್ಟೀರಿಯಾಕ್ಕೆ ಮಾಲ್ಟೋಸ್ ಎಂದರೆ ಪ್ರಾಣ. ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಬ್ಯಾಕ್ಟೀರಿಯಾ ಬಿಡುವ ಆಮ್ಲವನ್ನು ಆ ಯೀಸ್ಟ್ ತಡೆದುಕೊಳ್ಳುತ್ತದೆ, ಹೊರಗಿನಿಂದ ಬಂದ ಬೇರೆ ಸೂಕ್ಷ್ಮಜೀವಿಗಳು ತಡೆದುಕೊಳ್ಳಲಾರವು. ಹೀಗಾಗಿ ಆಮ್ಲವೇ ಮನೆಗೆ ಬೇಲಿ. ಆ ಬ್ಯಾಕ್ಟೀರಿಯಾಕ್ಕೆ ಊರಿನ ಹೆಸರನ್ನೇ ಇಟ್ಟರು. ಆಮೇಲೆ ನೋಡಿದರೆ ಅದು ಬೇರೆ ಬೇರೆ ದೇಶಗಳ ಹೆಪ್ಪಿನಲ್ಲೂ ಸಿಕ್ಕಿತು. ಊರಿನ ಹೆಮ್ಮೆಗೆ ಸ್ವಲ್ಪ ಪೆಟ್ಟಾಯಿತು ಅನ್ನಿ.

ಎಲ್ಲ ಹೆಪ್ಪಿನಲ್ಲೂ ಇದೇ ಜೋಡಿ ಇರುತ್ತದೆ ಎಂದಲ್ಲ. ಬಹಳಷ್ಟರಲ್ಲಿ ಇರುವುದು ಅಂಗಡಿಯ ಯೀಸ್ಟ್ ಪ್ಯಾಕೆಟ್ಟಿನಲ್ಲಿರುವ ಜಾತಿಯೇ, ಸ್ಯಾಕರೊಮೈಸಿಸ್ ಸೆರವೀಸಿಯೆ. ಕೆಲವದರಲ್ಲಿ ವಿನೆಗರ್ ತಯಾರಿಸುವ ಬ್ಯಾಕ್ಟೀರಿಯಾ ಕೂಡ ಸೇರಿಕೊಂಡಿರುತ್ತದೆ. ಅಂಥ ಹೆಪ್ಪು ಉಬ್ಬುವುದು ನಿಧಾನ, ಮೂಗಿಗೆ ಹೊಡೆಯುವ ಹುಳಿ ಜಾಸ್ತಿ.

ವಯಸ್ಸಿನ ಮಾತು

ಹೆಪ್ಪು ಕೊಡುವವರು ಅದರ ವಯಸ್ಸು ಹೇಳದೆ ಕೊಡುವುದಿಲ್ಲ. ನನಗೂ ಮೊದಮೊದಲು ಆ ಎಂಟು ವರ್ಷದ ಬಗ್ಗೆ ಭಕ್ತಿ ಇತ್ತು. ಈ ಭಕ್ತಿಗೆ ದೊಡ್ಡ ಪರಂಪರೆಯೇ ಇದೆ. ಸ್ಯಾನ್ ಫ್ರಾನ್ಸಿಸ್ಕೊದ ಬೂಡಿನ್ ಬೇಕರಿ 1849ರಿಂದ ಒಂದೇ ಹೆಪ್ಪನ್ನು ಮುಂದುವರಿಸಿಕೊಂಡು ಬಂದಿದ್ದೇವೆ ಎನ್ನುತ್ತದೆ. 1906ರ ಭೂಕಂಪದಲ್ಲಿ ಲೂಯಿಸ್ ಬೂಡಿನ್ ಅದನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಉಳಿಸಿದರೆಂಬ ಕತೆ ಅಲ್ಲಿ ಜನಜನಿತ. ಕಾರ್ಲ್ ಗ್ರಿಫಿತ್ ಎಂಬ ಅಮೆರಿಕನ್ನರದು ನನಗೆ ಇನ್ನೂ ಇಷ್ಟವಾದ ಕತೆ. 1847ರಲ್ಲಿ ಅವರ ಪೂರ್ವಿಕರು ಆರಿಗನ್ ಹಾದಿಯಲ್ಲಿ ಪಶ್ಚಿಮಕ್ಕೆ ಹೊರಟಾಗ ಜೊತೆಗೆ ಒಯ್ದದ್ದು ಎನ್ನಲಾದ ಹೆಪ್ಪನ್ನು ಅವರು ಒಣಗಿಸಿ, ಅಂಚೆಚೀಟಿ ಅಂಟಿಸಿದ ಲಕೋಟೆ ಕಳಿಸಿದವರಿಗೆಲ್ಲ ಪುಕ್ಕಟೆ ಹಂಚುತ್ತಿದ್ದರು. 2000ದಲ್ಲಿ ಅವರು ತೀರಿಕೊಂಡ ಮೇಲೆ ಸ್ವಯಂಸೇವಕರು ಆ ಕೆಲಸವನ್ನು ಮುಂದುವರಿಸಿದರು.

ಕತೆ ಚೆಂದ. ಆದರೆ ಲಕೋಟೆಯಲ್ಲಿ ಬಂದದ್ದು ನಿಜಕ್ಕೂ 1847ರದ್ದೇ? ಡಬ್ಬಿಯಲ್ಲಿರುವ ಒಂದೊಂದು ಜೀವಿಯೂ ಕೆಲವು ಗಂಟೆಗಳಿಗೊಮ್ಮೆ ಇಬ್ಭಾಗವಾಗುತ್ತಾ ಹೋಗುತ್ತದೆ. ಒಂದಕ್ಕೆ ಹತ್ತರಷ್ಟು ಹೊಸ ಹಿಟ್ಟು-ನೀರು ಸೇರಿಸಿದಿರೆನ್ನಿ, ಹಳೆಯದು ಹನ್ನೊಂದರಲ್ಲಿ ಒಂದು ಪಾಲು. ಇನ್ನೊಮ್ಮೆ ಸೇರಿಸಿದರೆ 121ರಲ್ಲಿ ಒಂದು, ಮೂರನೆಯ ಸಲಕ್ಕೆ 1,331ರಲ್ಲಿ ಒಂದು. ಎರಡು ವಾರ ಕಳೆದರೆ ಗೆಳತಿಯ ಡಬ್ಬಿಯಿಂದ ಬಂದ ಹಿಟ್ಟಿನ ಕಣ ಹುಡುಕಿದರೂ ಸಿಗದು. ಉಳಿಯುವುದು ಜೀವಿಗಳ ವಂಶ. ಆ ವಂಶ ಉಳಿಯುವುದೂ ಹೊಸ ಮನೆಯ ಆಹಾರ ಒಗ್ಗಿದರೆ ಮಾತ್ರ.

2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕು ಖಂಡಗಳಿಂದ ತರಿಸಿದ 500 ಹೆಪ್ಪುಗಳನ್ನು ಪರೀಕ್ಷಿಸಿದ್ದರು. ಯಾವ ದೇಶದ್ದು, ಯಾವ ಊರಿನದ್ದು ಎಂಬುದರಿಂದ ಒಳಗೆ ಯಾರಿದ್ದಾರೆ ಎಂದು ಹೇಳಲಾಗುವುದಿಲ್ಲ ಎಂಬುದು ಅದರಲ್ಲಿ ಕಂಡುಬಂತು. ಬೆಲ್ಜಿಯಂನ ಸೇಂಟ್ ವಿತ್ ಊರಿನಲ್ಲಿ ಪ್ಯೂರಾಟೋಸ್ ಕಂಪನಿ 2013ರಲ್ಲಿ ತೆರೆದ ಹೆಪ್ಪಿನ ಗ್ರಂಥಾಲಯವೊಂದಿದೆ. ಪುಸ್ತಕದ ಬದಲು ಫ್ರಿಜ್ಜಿನಲ್ಲಿ ಸಾಲಾಗಿ ಡಬ್ಬಿಗಳು. ಅಲ್ಲಿಗೆ ಹೆಪ್ಪು ಕೊಟ್ಟ ಬೇಕರಿಗಳು ಅದಕ್ಕೆ ಉಣಿಸಲು ತಾವು ಬಳಸುವ ಹಿಟ್ಟನ್ನೂ ಕಳಿಸುತ್ತವೆ. ಒಂದೇ ಮೂಟೆಯ ಹಿಟ್ಟನ್ನು ಎಲ್ಲದಕ್ಕೂ ಹಾಕಿದರೆ ಅವುಗಳ ಗುಣ ಬದಲಾದೀತು ಎಂಬ ಎಚ್ಚರ ಅದು.

ಹಾಗಿದ್ದರೆ ಹಂಚಿಕೊಳ್ಳುವುದರ ಲಾಭವೇನು? ಎರಡು ವಾರದ ಗೋಳು ತಪ್ಪುತ್ತದೆ, ಅದೇ ದೊಡ್ಡ ಲಾಭ. ಬರಿಯ ಹಿಟ್ಟು-ನೀರಿನಿಂದ ಹೊಸದಾಗಿ ಹೆಪ್ಪು ಎಬ್ಬಿಸಲು ಹೊರಟವರಿಗೆ ಎರಡನೆಯ ದಿನವೋ ಮೂರನೆಯ ದಿನವೋ ಭರ್ಜರಿ ನೊರೆ ಕಾಣುತ್ತದೆ. 'ಬಂತು' ಎಂದು ಕುಣಿಯುತ್ತಾರೆ. ಅದು ಯೀಸ್ಟ್ ಅಲ್ಲ. ಹಿಟ್ಟಿನಲ್ಲಿದ್ದ ಬೇರೆ ಬ್ಯಾಕ್ಟೀರಿಯಾಗಳ ಹಾರಾಟ, ಕೆಟ್ಟ ವಾಸನೆಯೂ ಇರುತ್ತದೆ. ಆಮ್ಲ ಏರಿದ ಹಾಗೆ ಅವು ಸಾಯುತ್ತವೆ, ಡಬ್ಬಿ ತಣ್ಣಗಾಗಿ ಬಿಡುತ್ತದೆ. ಬಹುಪಾಲು ಜನ ಕೈಚೆಲ್ಲಿ ಸಿಂಕಿಗೆ ಸುರಿಯುವುದು ಇದೇ ಹಂತದಲ್ಲಿ. ಇನ್ನೊಂದು ವಾರ ಬಿಡದೆ ಉಣಿಸಿದ್ದರೆ ನಿಜವಾದ ಹೆಪ್ಪು ಎದ್ದಿರುತ್ತಿತ್ತು. ಹಂಚಿಕೊಂಡ ಹೆಪ್ಪಿನಲ್ಲಿ ಈ ಅಂತಃಕಲಹ ಎಂದೋ ಮುಗಿದು, ಬೇಲಿ ಗಟ್ಟಿಯಾಗಿರುತ್ತದೆ.

ಬಂದ ಮೊದಲ ಮೂರು ದಿನ

ಡಬ್ಬಿ ಕೈಗೆ ಬಂದ ಕೂಡಲೇ ಬ್ರೆಡ್ಡಿಗೆ ಕೈ ಹಾಕಬೇಡಿ. ನಾನು ಮಾಡಿದ ಮೊದಲ ತಪ್ಪು ಅದೇ. ಫ್ರಿಜ್ಜಿನಿಂದ ಬಂದದ್ದೋ, ದಾರಿಯಲ್ಲಿ ಸೊರಗಿದ್ದೋ, ಅದು ಹಸಿದಿರುತ್ತದೆ. ಹಸಿದ ಹೆಪ್ಪಿನಲ್ಲಿ ಹುಳಿ ತುಂಬ, ಶಕ್ತಿ ಕಡಿಮೆ.

ಒಂದು ಸ್ವಚ್ಛ ಗಾಜಿನ ಡಬ್ಬಿಗೆ 10 ಗ್ರಾಂ ಹೆಪ್ಪು, 50 ಗ್ರಾಂ ನೀರು, 50 ಗ್ರಾಂ ಹಿಟ್ಟು ಹಾಕಿ ಕಲಸಿ. ಚಮಚ, ಲೋಟದ ಲೆಕ್ಕ ಬೇಡ, ತೂಕದ ಲೆಕ್ಕವೇ ಬೇಕು. ಒಂದು ಲೋಟ ಹಿಟ್ಟು ಅದುಮಿ ತುಂಬಿದರೆ ಒಂದು ತೂಕ, ಸಡಿಲ ತುಂಬಿದರೆ ಇನ್ನೊಂದು. ಡಿಜಿಟಲ್ ತಕ್ಕಡಿಯೊಂದಕ್ಕೆ ದುಡ್ಡು ಹಾಕಿ, ಉಳಿದ ಸಲಕರಣೆಗಳೆಲ್ಲ ನಿಧಾನಕ್ಕೆ ಬರಲಿ. ಮೈದಾಕ್ಕೆ ಸ್ವಲ್ಪ ಇಡೀ ಗೋಧಿಯ ಹಿಟ್ಟೋ ರೈ (ಗೋಧಿಯಂಥದೇ ಒಂದು ಧಾನ್ಯ) ಹಿಟ್ಟೋ ಬೆರೆಸಿದರೆ ಹೆಪ್ಪು ಚುರುಕಾಗುತ್ತದೆ, ತೌಡಿನ ಅಂಶದಲ್ಲಿ ಅದಕ್ಕೆ ಬೇಕಾದ ಖನಿಜಗಳಿರುತ್ತವೆ. ಮುಚ್ಚಳ ಸಡಿಲವಾಗಿರಲಿ, ಗಾಳಿ ಹೊರಹೋಗಲು ದಾರಿ ಬೇಕು. ಗಟ್ಟಿ ಮುಚ್ಚಿದ ಡಬ್ಬಿ ಒಡೆಯುವುದೂ ಉಂಟು.

ಈಗ ಹಿಟ್ಟಿನ ಮಟ್ಟಕ್ಕೆ ಸರಿಯಾಗಿ ಡಬ್ಬಿಗೊಂದು ರಬ್ಬರ್ ಬ್ಯಾಂಡ್ ಹಾಕಿ. ಇಡೀ ವಿದ್ಯೆಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯೋಗದ ಸಾಧನ ನಾನು ಕಂಡಿಲ್ಲ. ಮೊದಲೆರಡು ಗಂಟೆ ಏನೂ ಆಗುವುದಿಲ್ಲ. ಆಮೇಲೆ ಗಾಜಿನ ಪಕ್ಕದಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಕಾಣುತ್ತವೆ, ಮೇಲ್ಮೈ ಗುಮ್ಮಟದ ಹಾಗೆ ಎದ್ದು ಬ್ಯಾಂಡನ್ನು ದಾಟುತ್ತದೆ. ಮಟ್ಟ ಎರಡು ಪಟ್ಟೋ ಮೂರು ಪಟ್ಟೋ ಆಗಿ, ಗುಮ್ಮಟ ಇನ್ನೇನು ಚಪ್ಪಟೆಯಾಗಬೇಕು ಎನ್ನುವ ಹೊತ್ತೇ ಹೆಪ್ಪಿನ ಹದ. ಆಗ ವಾಸನೆ ಸಿಹಿಹುಳಿ, ಚಮಚದಲ್ಲಿ ಎತ್ತಿದರೆ ಜೇಡನ ಬಲೆಯ ಹಾಗೆ ಎಳೆಯೆಳೆ. ಹದ ಮೀರಿದರೆ ನಡುವೆ ಕುಸಿಯುತ್ತದೆ, ಗಾಜಿನ ಮೇಲೆ ಇಳಿದ ಗುರುತು ಉಳಿಯುತ್ತದೆ, ವಾಸನೆ ವಿನೆಗರ್ ಕಡೆಗೋ ಉಗುರುಬಣ್ಣ ಅಳಿಸುವ ದ್ರವದ ಕಡೆಗೋ ತಿರುಗುತ್ತದೆ. ನೀರಿಗೆ ಒಂದು ಚಮಚ ಹಾಕಿ ತೇಲಿದರೆ ಹದ ಬಂತು ಎಂಬ ಪರೀಕ್ಷೆಯನ್ನು ಬಹಳ ಜನ ನಂಬುತ್ತಾರೆ. ನನಗೆ ಅದರ ಮೇಲೆ ವಿಶ್ವಾಸವಿಲ್ಲ. ನೀರು ಜಾಸ್ತಿಯಾದ ಹೆಪ್ಪು ಚೆನ್ನಾಗಿದ್ದೂ ಮುಳುಗುತ್ತದೆ, ಗಟ್ಟಿ ಹೆಪ್ಪು ಎಳಸಾಗಿದ್ದೂ ತೇಲುತ್ತದೆ.

ಎಷ್ಟು ಗಂಟೆಗೆ ಹದ ಬರುತ್ತದೆ ಎಂಬುದು ಬಿಸಿಯನ್ನು ಅವಲಂಬಿಸಿದ್ದು. ಸಾಮಾನ್ಯ ಹುಳಿಹೆಪ್ಪಿನ ಯೀಸ್ಟಿಗೆ 26-28 ಡಿಗ್ರಿ ಸೆಲ್ಸಿಯಸ್ ಹಿತ, 35 ದಾಟಿದರೆ ಅದು ಸೋಲುತ್ತದೆ. ಬ್ಯಾಕ್ಟೀರಿಯಾಕ್ಕೆ 32-33 ಡಿಗ್ರಿ ಹಿತ. ಆದ್ದರಿಂದ ಸೆಕೆಯ ಅಡುಗೆಮನೆಯಲ್ಲಿ ಉಬ್ಬುವುದಕ್ಕಿಂತ ಮೊದಲು ಹುಳಿ ಓಡುತ್ತದೆ; ಚಳಿಯಲ್ಲಿ ಎರಡೂ ಮಲಗಿರುತ್ತವೆ. ಹತ್ತು ಡಿಗ್ರಿ ಇಳಿದರೆ ಕೆಲಸದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಂತೆಯೇ. ನನ್ನ ಕಲ್ಲಿನ ಗುಟ್ಟು ಇಲ್ಲಿತ್ತು. ಗೆಳತಿಯ ಅಡುಗೆಮನೆ 27 ಡಿಗ್ರಿ, ನನ್ನದು ಆ ದಿನ 18. ಅವಳ 'ಐದು ಗಂಟೆ' ನನಗೆ ಹತ್ತಾಗಬೇಕಿತ್ತು, ಅದೂ ಹೆಪ್ಪು ಹಸಿದಿರದಿದ್ದರೆ.

ಸೆಕೆಯಿದ್ದರೆ ಹೆಪ್ಪಿನ ಪಾಲು ಕಡಿಮೆ ಮಾಡಿ (5 ಗ್ರಾಮಿಗೆ 50-50), ತಣ್ಣೀರು ಬಳಸಿ. ಚಳಿಯಿದ್ದರೆ ಹೆಪ್ಪಿನ ಪಾಲು ಹೆಚ್ಚಿಸಿ, ಉಗುರುಬೆಚ್ಚಗಿನ ನೀರು ಹಾಕಿ. ಪ್ರತಿ ಸಲ ಹತ್ತು ಗ್ರಾಂ ಉಳಿಸಿಕೊಂಡು ಮಿಕ್ಕದ್ದನ್ನು ತೆಗೆಯದೆ ಹೋದರೆ, ಇಂದಿನ 110 ಗ್ರಾಮಿಗೆ ನಾಳೆ 1,100 ಗ್ರಾಂ ಊಟ ಬೇಕಾಗುತ್ತದೆ, ನಾಡಿದ್ದು 12 ಕಿಲೋ. ತೆಗೆದಿಟ್ಟದ್ದನ್ನು ಚೆಲ್ಲಬೇಕಿಲ್ಲ, ಫ್ರಿಜ್ಜಿನಲ್ಲಿ ಕೂಡಿಟ್ಟು ಪ್ಯಾನ್‌ಕೇಕಿಗೋ ಬಿಸ್ಕತ್ತಿಗೋ ಬಳಸಬಹುದು, ಹಸಿಯಾಗಿ ಮಾತ್ರ ನೆಕ್ಕಬೇಡಿ.

ಮೂರು ಸಲ ಉಣಿಸಿದ ಮೇಲೆ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಎರಡು ಪಟ್ಟಾಗುತ್ತಿದ್ದರೆ ಹೆಪ್ಪು ನಿಮ್ಮ ಮನೆಗೆ ಹೊಂದಿಕೊಂಡಿತು ಎಂದೇ ಲೆಕ್ಕ. ವಾರಕ್ಕೊಮ್ಮೆ ಮಾತ್ರ ಬ್ರೆಡ್ಡು ಮಾಡುವವರು ಉಣಿಸಿ ಒಂದೆರಡು ಗಂಟೆ ಹೊರಗಿಟ್ಟು ಫ್ರಿಜ್ಜಿಗೆ ಸೇರಿಸಲಿ. ಮೇಲೆ ಕಪ್ಪು ನೀರು ನಿಂತರೆ ಗಾಬರಿ ಬೇಡ, ಅದು ಹಸಿವಿನ ಲಕ್ಷಣ. ಸುರಿದು ಉಣಿಸಿದರೆ ಆಯಿತು. ಗುಲಾಬಿ ಅಥವಾ ಕಿತ್ತಳೆ ಗೆರೆ ಕಂಡರೆ, ತುಪ್ಪಟದಂಥ ಬೂಷ್ಟು ಹಿಡಿದಿದ್ದರೆ ಮಾತ್ರ ಮರುಕಪಡದೆ ಎಸೆಯಿರಿ.

ಬ್ರೆಡ್ಡು

ಬೇಕರಿಯವರ ಲೆಕ್ಕದಲ್ಲಿ ಹಿಟ್ಟು ಯಾವಾಗಲೂ ನೂರು. ಉಳಿದದ್ದೆಲ್ಲ ಅದಕ್ಕೆ ಶೇಕಡಾ ಇಷ್ಟು ಎಂದು. ಒಂದು ಲೋಫಿಗೆ ನಾನು ಬಳಸುವ ಅಳತೆ: ಹಿಟ್ಟು 500 ಗ್ರಾಂ (ಅದರಲ್ಲಿ 50 ಗ್ರಾಂ ಇಡೀ ಗೋಧಿಯದು), ನೀರು 350, ಹದ ಬಂದ ಹೆಪ್ಪು 100, ಉಪ್ಪು 10. ಅಂದರೆ ನೀರು ಶೇ. 70, ಹೆಪ್ಪು ಶೇ. 20, ಉಪ್ಪು ಶೇ. 2. ಹೆಪ್ಪಿನೊಳಗೇ 50 ಗ್ರಾಂ ಹಿಟ್ಟು, 50 ಗ್ರಾಂ ನೀರು ಇರುವುದರಿಂದ ನಿಜವಾದ ಲೆಕ್ಕ 550ಕ್ಕೆ 400, ಸುಮಾರು ಶೇ. 73. ಮೊದಲ ಸಲ ಕಲಸುವವರಿಗೆ ಇದು ತೀರಾ ಜಿಗುಟು ಅನ್ನಿಸಬಹುದು. 320 ಗ್ರಾಂ ನೀರಿನಿಂದ ಶುರುಮಾಡಿ, ಕೈ ಪಳಗಿದ ಮೇಲೆ ಏರಿಸಿ. ಪ್ಯಾಕೆಟ್ಟಿನ ಮೇಲೆ ಪ್ರೋಟೀನ್ ಶೇ. 11-13 ಎಂದಿರುವ ಹಿಟ್ಟು ಸಿಕ್ಕರೆ ಅನುಕೂಲ. ಕೇಕಿಗೆ ಹೇಳಿಮಾಡಿಸಿದ ಹಿಟ್ಟು ಗಾಳಿಯನ್ನು ಹಿಡಿದಿಡುವುದಿಲ್ಲ.

ಹಿಟ್ಟು-ನೀರು ಮಾತ್ರ ಕಲಸಿ ಮುಕ್ಕಾಲು ಗಂಟೆ ಮುಚ್ಚಿಡಿ. ಈ ವಿರಾಮದಲ್ಲಿ ನೀವು ನಾದದೆಯೇ ಗ್ಲುಟೆನ್ (ಗೋಧಿ ಹಿಟ್ಟಿನ ಜಿಗುಟು ಪ್ರೋಟೀನ್) ಎಳೆಗಳು ಹೆಣೆದುಕೊಳ್ಳುತ್ತವೆ. ಆಮೇಲೆ ಹೆಪ್ಪು, ಉಪ್ಪು ಹಾಕಿ ಹಿಸುಕಿ ಬೆರೆಸಿ. ಇನ್ನು ಮುಂದೆ ಅರ್ಧ ಗಂಟೆಗೊಮ್ಮೆ, ನಾಲ್ಕು ಸಲ, ಕೈ ಒದ್ದೆ ಮಾಡಿಕೊಂಡು ಕಣಕದ ಒಂದು ಅಂಚನ್ನು ಎಳೆದು ಮೇಲಕ್ಕೆ ಮಡಚುವುದು, ಪಾತ್ರೆ ತಿರುಗಿಸಿ ಮತ್ತೊಂದು ಅಂಚು. ಮೊದಲ ಸಲ ಕೈಗೆಲ್ಲ ಮೆತ್ತಿಕೊಳ್ಳುವ ರಾಡಿ ನಾಲ್ಕನೆಯ ಸಲಕ್ಕೆ ಮಗುವಿನ ಕೆನ್ನೆಯ ಹಾಗಾಗಿರುತ್ತದೆ. ಇದನ್ನು ಬರೆದು ತಿಳಿಸುವುದು ಕಷ್ಟ, ಒಮ್ಮೆ ಬೆರಳಿಗೆ ಸಿಕ್ಕಿದರೆ ಮರೆಯುವುದೂ ಕಷ್ಟ.

ಆಮೇಲೆ ಕಾಯುವ ಕೆಲಸ. 26 ಡಿಗ್ರಿಯಲ್ಲಿ ಹೆಪ್ಪು ಸೇರಿಸಿದ ಹೊತ್ತಿನಿಂದ ಐದಾರು ಗಂಟೆ. 20 ಡಿಗ್ರಿಯಲ್ಲಿ ಒಂಬತ್ತು ಹತ್ತು. 32ರಲ್ಲಿ ಮೂರು ಮೂರೂವರೆಗೇ ಮುಗಿಯಬಹುದು. ಗೋಡೆ ನೇರವಾಗಿರುವ ಪಾರದರ್ಶಕ ಪಾತ್ರೆಯಲ್ಲಿಟ್ಟರೆ ಎಷ್ಟು ಏರಿತೆಂದು ಕಣ್ಣಿಗೇ ಕಾಣುತ್ತದೆ. ಒಂದಿದ್ದದ್ದು ಒಂದೂವರೆಯಿಂದ ಒಂದೂಮುಕ್ಕಾಲು ಆದಾಗ ನಿಲ್ಲಿಸಿ. ಪಾತ್ರೆ ಅಲುಗಿಸಿದರೆ ಕಣಕ ತುಳುಕುತ್ತದೆ, ಅಂಚು ಪಾತ್ರೆಯಿಂದ ಬಿಟ್ಟುಕೊಂಡು ಗುಂಡಗಾಗಿರುತ್ತದೆ, ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ. ಎರಡು ಪಟ್ಟು ಆಗುವವರೆಗೆ ಬಿಡಿ ಎಂಬ ಸಲಹೆ ಅಂಗಡಿ ಯೀಸ್ಟಿನ ಕಾಲದ್ದು. ಹುಳಿ ಕಣಕದಲ್ಲಿ ಆಮ್ಲ ಹೆಚ್ಚಿದಂತೆ ಹಿಟ್ಟಿನ ಕಿಣ್ವಗಳು ಗ್ಲುಟೆನ್ನನ್ನು ಕತ್ತರಿಸತೊಡಗುತ್ತವೆ. ಅತಿಯಾಗಿ ಕಾದರೆ ಬಲೆ ಹರಿದು ಕಣಕ ಪಾಯಸದಂತೆ ಹರಡಿಕೊಳ್ಳುತ್ತದೆ. ಬ್ರೆಡ್ಡು ಚಪ್ಪಟೆಯಾದಾಗ ಕಾದದ್ದು ಕಡಿಮೆಯೋ ಜಾಸ್ತಿಯೋ ಎಂಬ ಗೊಂದಲಕ್ಕೆ ಕುಯ್ದು ನೋಡಿದರೆ ಉತ್ತರ ಸಿಗುತ್ತದೆ. ತಿರುಳು ಬಿಗಿ, ಅಂಟು, ನಡುನಡುವೆ ಗುಹೆಯಂಥ ಪೊಳ್ಳು ಇದ್ದರೆ ಕಾದದ್ದು ಸಾಲದು. ಉದ್ದಕ್ಕೂ ಸಣ್ಣ ರಂಧ್ರಗಳೇ ಇದ್ದು, ತೊಗಟೆ ಪೇಲವವಾಗಿ, ಹುಳಿ ಏರಿದ್ದರೆ ಮೀರಿತು.

ಹಿಟ್ಟು ಉದುರಿಸಿದ ಹಲಗೆಯ ಮೇಲೆ ಕಣಕವನ್ನು ಸುರಿದು, ಅಂಚುಗಳನ್ನು ನಡುವಿಗೆ ಮಡಚಿ, ಬೋರಲು ಮಾಡಿ, ನಿಮ್ಮ ಕಡೆಗೆ ಎಳೆದುಕೊಳ್ಳುತ್ತಾ ಬಿಗಿ ಉಂಡೆ ಮಾಡಿ. ಮೇಲಿನ ಚರ್ಮ ಹರಿಯುವ ಮೊದಲು ನಿಲ್ಲಿಸಿ. ಹಿಟ್ಟು ಸವರಿದ ಬಟ್ಟೆ ಹಾಸಿದ ಬಟ್ಟಲಿನಲ್ಲಿ ಬೆನ್ನು ಕೆಳಗಾಗಿ ಇಟ್ಟು, ಮುಚ್ಚಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಬಿಡಿ. ಎಂಟರಿಂದ ಹದಿನಾರು ಗಂಟೆ. ತಂಪಿನಲ್ಲಿ ಉಬ್ಬುವಿಕೆ ಬಹುತೇಕ ನಿಂತು ಪರಿಮಳ ಮಾತ್ರ ಬಲಿಯುತ್ತದೆ. ನಿಮ್ಮ ನಿದ್ದೆಯೂ ಕೆಡುವುದಿಲ್ಲ, ಅದೂ ಮುಖ್ಯ.

ಬೆಳಿಗ್ಗೆ ದಪ್ಪ ತಳದ, ಮುಚ್ಚಳವಿರುವ ಕಬ್ಬಿಣದ ಪಾತ್ರೆಯನ್ನು ಓವನ್ನಿನಲ್ಲಿಟ್ಟು 250 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಕಾಯಿಸಿ. ಉಂಡೆಯನ್ನು ಬೇಕಿಂಗ್ ಕಾಗದದ ಮೇಲೆ ಬೋರಲು ಹಾಕಿ, ಬ್ಲೇಡಿನಿಂದ ಅರ್ಧ ಇಂಚು ಆಳಕ್ಕೆ ಓರೆಯಾಗಿ ಒಂದು ಗೀರು ಎಳೆದು ಪಾತ್ರೆಗಿಳಿಸಿ. ಗೀರು ಬರಿಯ ಅಲಂಕಾರವಲ್ಲ: ಒಳಗಿನ ಗಾಳಿ ಹಿಗ್ಗಿದಾಗ ಎಲ್ಲಿ ಬಿರಿಯಬೇಕೆಂದು ನೀವು ತೋರಿಸಿಕೊಡುವ ದಾರಿ. ಮೊದಲ ಇಪ್ಪತ್ತು ನಿಮಿಷ ಮುಚ್ಚಿರಲಿ. ಕಣಕದಿಂದಲೇ ಹೊರಟ ಹಬೆ ಒಳಗೆ ಉಳಿದು ತೊಗಟೆಯನ್ನು ಮೆತ್ತಗಿಡುತ್ತದೆ, ಬ್ರೆಡ್ಡು ಏರಲು ಅವಕಾಶ ಸಿಗುತ್ತದೆ. 55-60 ಡಿಗ್ರಿಯ ಸುಮಾರಿಗೆ ಯೀಸ್ಟ್ ಸಾಯುತ್ತದೆ, ಅಲ್ಲಿಂದ ಮುಂದೆ ಪಿಷ್ಟ ನೀರು ಹೀರಿ ಗಟ್ಟಿಯಾಗಿ ತಿರುಳಿಗೆ ಆಕಾರ ಬರುತ್ತದೆ. ಮುಚ್ಚಳ ತೆಗೆದು, 230ಕ್ಕೆ ಇಳಿಸಿ, ಇನ್ನೂ ಇಪ್ಪತ್ತು ಇಪ್ಪತ್ತೈದು ನಿಮಿಷ. ಬಣ್ಣಕ್ಕೆ ಹೆದರಿ ಬೇಗ ತೆಗೆಯಬೇಡಿ. ಕಡು ಕಂದು ಬಣ್ಣದಲ್ಲೇ ರುಚಿಯಿರುವುದು. ಥರ್ಮಾಮೀಟರ್ ಇದ್ದರೆ ನಡುವಿನಲ್ಲಿ 96-98 ತೋರಿಸಬೇಕು. ಜಾಲರಿಯ ಮೇಲಿಟ್ಟ ಬ್ರೆಡ್ಡು ಆರುತ್ತಾ ಚಟಚಟ ಸಣ್ಣಗೆ ಸಿಡಿಯುತ್ತದೆ, ಕಿವಿಗೊಟ್ಟು ಕೇಳಿ. ಕುಯ್ಯುವುದು ಎರಡು ಗಂಟೆಯ ಮೇಲೆ. ಬಿಸಿಯಲ್ಲೇ ಕುಯ್ದರೆ ತಿರುಳು ಚಾಕುವಿಗೆ ಅಂಟುತ್ತದೆ.

ಬನ್ನು

ಅದೇ ಹೆಪ್ಪಿನಲ್ಲಿ ಮೆತ್ತನೆಯ ಬನ್ನೂ ಆಗುತ್ತದೆ, ಆದರೆ ಲೆಕ್ಕಾಚಾರ ತಿರುವುಮುರುವು. ಇಲ್ಲಿ ಹುಳಿ ಕಾಣಬಾರದು. ಆದ್ದರಿಂದ ಹೆಪ್ಪು ಎಳಸಾಗಿರುವಾಗಲೇ, ಗುಮ್ಮಟ ಏರುತ್ತಿರುವಾಗಲೇ ಬಳಸಬೇಕು. ಮೈದಾ 500 ಗ್ರಾಂ, ಹೆಪ್ಪು 120, ಕಾಯಿಸಿ ಆರಿಸಿದ ಹಾಲು 260, ಒಂದು ಮೊಟ್ಟೆ, ಸಕ್ಕರೆ 50, ಉಪ್ಪು 9, ಮೆತ್ತಗಾದ ಬೆಣ್ಣೆ 60. ಮೊಟ್ಟೆ ಬೇಡದವರು 40 ಗ್ರಾಂ ಹಾಲು ಹೆಚ್ಚಿಗೆ ಹಾಕಿಕೊಳ್ಳಲಿ. ಬೆಣ್ಣೆ ಬಿಟ್ಟು ಉಳಿದದ್ದನ್ನು ಕಲಸಿ ಹತ್ತು ನಿಮಿಷ ಚೆನ್ನಾಗಿ ನಾದಿ. ಬೆಣ್ಣೆ ಮೊದಲೇ ಬಿದ್ದರೆ ಗ್ಲುಟೆನ್ ಹೆಣೆದುಕೊಳ್ಳಲು ಅಡ್ಡಿ. ಆಮೇಲೆ ಬೆಣ್ಣೆಯನ್ನು ಮೂರು ನಾಲ್ಕು ಕಂತಿನಲ್ಲಿ ಸೇರಿಸಿ ನಾದುತ್ತಾ ಹೋಗಿ. ನಡುವೆ ಒಂದು ಹಂತದಲ್ಲಿ ಎಲ್ಲ ಜಾರಿ, ಹರಿದು, ಕೆಟ್ಟೇ ಹೋಯಿತು ಅನ್ನಿಸುತ್ತದೆ. ಕೆಟ್ಟಿಲ್ಲ, ಬಿಡಬೇಡಿ. ಒಂದು ತುಣುಕನ್ನು ಬೆರಳಿನಿಂದ ಹಿಗ್ಗಿಸಿದರೆ ಹರಿಯದೆ, ಬೆಳಕು ಹಾಯುವ ಪೊರೆಯಂತಾದರೆ ನಾದಿದ್ದು ಸಾಕು.

ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ ಯೀಸ್ಟಿಗೆ ಇಲ್ಲಿ ದುಡಿಮೆ ಕಷ್ಟ. ಬ್ರೆಡ್ಡಿಗಿಂತ ನಿಧಾನ ಎಂದು ತಿಳಿದೇ ಶುರುಮಾಡಿ. 26-28 ಡಿಗ್ರಿಯಲ್ಲಿ ಐದಾರು ಗಂಟೆ ಉಬ್ಬಿದ ಮೇಲೆ 65 ಗ್ರಾಮಿನಂತೆ ಹದಿನಾರು ಉಂಡೆ ಮಾಡಿ, ತಟ್ಟೆಯಲ್ಲಿ ಬೆರಳಗಲ ಬಿಟ್ಟು ಜೋಡಿಸಿ. ಇನ್ನು ಮೂರು ನಾಲ್ಕು ಗಂಟೆ ಕಳೆಯುವಷ್ಟರಲ್ಲಿ ಒಂದಕ್ಕೊಂದು ಮೈ ತಾಗಿಸಿಕೊಂಡಿರುತ್ತವೆ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿದ ಗುಳಿ ನಿಧಾನಕ್ಕೆ, ಅರ್ಧ ಮಾತ್ರ ಮೇಲೆ ಬಂದರೆ ಹದ. ಹಾಲು ಸವರಿ 190 ಡಿಗ್ರಿಯಲ್ಲಿ ಇಪ್ಪತ್ತು ಇಪ್ಪತ್ತೆರಡು ನಿಮಿಷ. ಹೊರಬಂದ ಕೂಡಲೇ ಬೆಣ್ಣೆ ಸವರಿ ಬಟ್ಟೆ ಮುಚ್ಚಿ. ಇದನ್ನು ಬಿಸಿಯಲ್ಲೇ ತಿನ್ನಬಹುದು, ಬ್ರೆಡ್ಡಿನ ಕಟ್ಟುಪಾಡು ಬನ್ನಿಗಿಲ್ಲ.

ನೀವು ಕೊಡುವಾಗ

ಹೆಪ್ಪನ್ನು ಮುಂದಕ್ಕೆ ದಾಟಿಸುವಾಗ ಉಣಿಸಿ ಒಂದು ಗಂಟೆಯಾದದ್ದನ್ನು ಕೊಡಿ, ಹಸಿದದ್ದನ್ನು ಅಲ್ಲ. ಮುಂದೆ ಕೆಲವು ಗಂಟೆಗೆ ಸಾಕಾಗುವಷ್ಟು ಬುತ್ತಿ ಅದರ ಜೊತೆಗೇ ಇರುತ್ತದೆ. ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಚೀಟಿಯಲ್ಲಿ ವಯಸ್ಸಿನ ಬದಲು ಮೂರು ವಿಷಯ ಬರೆಯಿರಿ: ಯಾವ ಹಿಟ್ಟು ಉಣಿಸುತ್ತಿದ್ದೀರಿ, ಹಿಟ್ಟು-ನೀರಿನ ಪ್ರಮಾಣ ಎಷ್ಟು, ನಿಮ್ಮ ಅಡುಗೆಮನೆ ಎಷ್ಟು ಬೆಚ್ಚಗಿದ್ದಾಗ ಎಷ್ಟು ಗಂಟೆಗೆ ಎರಡು ಪಟ್ಟಾಗುತ್ತದೆ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯಿರುವವರಿಗೆ ಇದು ಆಗದು ಎಂಬುದನ್ನೂ ಹೇಳಿಬಿಡಿ. ಹುಳಿಯಾದರೆ ಗ್ಲುಟೆನ್ ಕರಗಿಹೋಗುತ್ತದೆ ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತಿದೆ. ಸ್ವಲ್ಪ ಕಡಿಮೆಯಾದೀತೇ ಹೊರತು, ಗೋಧಿ ಬ್ರೆಡ್ಡು ಅವರಿಗೆ ಅಪಾಯವೇ.

ದೂರಕ್ಕೆ ಕಳಿಸುವುದಾದರೆ ಒಣಗಿಸುವುದು ಒಳ್ಳೆಯದು. ಹದ ಬಂದ ಹೆಪ್ಪನ್ನು ಬೇಕಿಂಗ್ ಕಾಗದದ ಮೇಲೆ ತೆಳ್ಳಗೆ ಸವರಿ ನೆರಳಲ್ಲಿ ಒಂದೆರಡು ದಿನ ಬಿಟ್ಟರೆ ಹಪ್ಪಳದಂತೆ ಎದ್ದು ಬರುತ್ತದೆ. ಓವನ್ನಿನ ಬಿಸಿ ಬೇಡ, ಯೀಸ್ಟ್ ಸತ್ತೀತು. ಪುಡಿಮಾಡಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಎಬ್ಬಿಸಲು 10 ಗ್ರಾಂ ಪುಡಿಯನ್ನು 20 ಗ್ರಾಂ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ 10 ಗ್ರಾಂ ಹಿಟ್ಟು ಸೇರಿಸಿ. ಎರಡು ಮೂರು ದಿನ ಉಣಿಸಿದರೆ ಮೈ ತುಂಬಿಕೊಳ್ಳುತ್ತದೆ. ಮನೆಯ ಹೆಪ್ಪಿಗೂ ಇದೇ ವಿಮೆ. ಒಂದು ಪೊಟ್ಟಣ ನನ್ನ ಕಪಾಟಿನಲ್ಲಿ ಸದಾ ಇರುತ್ತದೆ.

ಗೆಳತಿಯ ಬಳಿ ಆ ವಿಮೆ ಇರಲಿಲ್ಲ. ಕಳೆದ ವರ್ಷ ಅವಳು ಒಂದು ತಿಂಗಳು ಊರಲ್ಲಿರಲಿಲ್ಲ. ಮನೆ ನೋಡಿಕೊಳ್ಳಲು ಬಂದವರು ಫ್ರಿಜ್ಜು ಒರೆಸುವಾಗ ಕೆಟ್ಟ ಹಿಟ್ಟೆಂದು ಡಬ್ಬಿಯನ್ನೇ ತೊಳೆದಿಟ್ಟಿದ್ದರು. ಫೋನು ಬಂತು. ನನ್ನ ಡಬ್ಬಿಯಿಂದ ಎರಡು ಚಮಚ ತೆಗೆದು, ಹಿಟ್ಟು, ಪ್ರಮಾಣ, ಬಿಸಿ ಮೂರನ್ನೂ ಬರೆದ ಚೀಟಿಯ ಜೊತೆ ಕೊಟ್ಟೆ. ಒಂದು ತಿಂಗಳಾದ ಮೇಲೆ ಅವಳ ಮನೆಗೆ ಹೋದಾಗ ಒಂದು ಹೋಳು ಕುಯ್ದು ಕೈಗಿಟ್ಟಳು. ನನ್ನ ಬ್ರೆಡ್ಡಿನ ಚುರುಕು ಹುಳಿ ಅದರಲ್ಲಿ ಇರಲೇ ಇಲ್ಲ. ಮೊದಲಿನ ಅವಳ ಬ್ರೆಡ್ಡಿನದೇ ಆ ಸೌಮ್ಯ ಹುಳಿ, ಅದೇ ಹಾಲಿನ ವಾಸನೆ. ಚೀಟಿ ಅವಳ ಫ್ರಿಜ್ಜಿನ ಬಾಗಿಲಿನ ಮೇಲಿತ್ತು. ನಾನು ಬರೆದಿದ್ದ ಮೂರು ಸಾಲನ್ನೂ ಹೊಡೆದುಹಾಕಿ, ಕೆಳಗೆ ತನ್ನ ಲೆಕ್ಕ ಬರೆದುಕೊಂಡಿದ್ದಳು.